ಬಲಸುತ್ತು ಹಾಕಿದ ದೋಣಿ

"ನಿನ್ನ ದೇವರಿಗೆ ಈಜು ಬರುತ್ತಾ ಸ್ಟೇನಾ? ಬರದಿದ್ರೆ ಲೈಫ್ ಜಾಕೆಟ್ ಎರಡು ತಗೋ."

ಬ್ರಾಂದುರ್ ತನ್ನ ಮಾತಿಗೆ ತಾನೇ ನಕ್ಕ. ಅವನ ಕೈಯಲ್ಲಿ ಅರ್ಧ ತಿಂದ ದಾಲ್ಚಿನ್ನಿ ಬನ್ನು. ಪ್ರವಾಸಿಗರಿಗೆಂದು ಬೇಯಿಸಿದ್ದು, ನಿನ್ನೆಯದು. ಇವತ್ತು ಅದನ್ನೇ ಬಿಸಿ ಮಾಡಿ ಬಿಸಿ ಚಾಕೊಲೇಟಿನ ಜೊತೆ ಕೊಡುತ್ತಾನೆ. ಚಳಿಯಲ್ಲಿ ನಡುಗುವ ಜನಕ್ಕೆ ಹಳಸಿದ್ದು ಯಾವುದು, ಹೊಸದು ಯಾವುದು ಎಂದು ತಿಳಿಯುವುದಿಲ್ಲ ಎನ್ನುವುದು ಅವನ ವ್ಯಾಪಾರದ ಗುಟ್ಟು.

ಸ್ಟೇನುನ್ ಪೊಲೀಸ್ ಯೂನಿಫಾರಮ್ಮಿನ ಮೇಲೆ ಲೈಫ್ ಜಾಕೆಟ್ ಒಂದನ್ನೇ ಹಾಕಿಕೊಂಡು ಗುಂಡಿ ಬಿಗಿದಳು.

ಬ್ರಾಂದುರ್‌ನ ಜಾಕೆಟಿನ ಎದೆಯ ಮೇಲೆ ತಿಮಿಂಗಿಲದ ಬಾಲ ಹೊಲಿದಿತ್ತು, ಬೆಳ್ಳಿ ದಾರದಲ್ಲಿ. ಐಸ್‌ಲ್ಯಾಂಡಿನ ಈ ಬಡಗಣ ದಂಡೆಯಲ್ಲಿ, ಈ ಸ್ಕಾರ್ಫವೀಕ್ ಊರಿನಲ್ಲಿ, ನಿಜವಾಗಿ ಕಡಲಿಗೆ ಹೋದ ಯಾವನೂ ಕಡಲನ್ನು ಎದೆಯ ಮೇಲೆ ಹೊಲಿಸಿಕೊಂಡವನಲ್ಲ. ಅವರ ಸ್ವೆಟರಿನ ಮೇಲೆ ಇರುತ್ತಿದ್ದದ್ದು ಮೀನಿನ ಪೊರೆ.

"ಹೆಣ ಸಿಕ್ಕಿದ ಜಾಗ ಇನ್ನೊಂದು ಸಲ ನೋಡ್ಬೇಕು," ಎಂದಳು. "ನಿನ್ನ ಬೌರಾ ಬೋಟಲ್ಲೇ ಹೋಗೋಣ. ನೀನೇ ನಡೆಸು."

"ಮಧ್ಯಾಹ್ನದ ಟ್ರಿಪ್ಪು?"

"ರದ್ದು ಮಾಡು."

"ಐವತ್ತು ಜನ ಕಣೇ. ಲುಂಡಿ ಹಕ್ಕಿ ನೋಡೋಕೆ ಬಂದಿದಾರೆ."

"ಲುಂಡಿ ಹೋಗಿ ವಾರ ಆಯ್ತು ಬ್ರಾಂದುರ್."

"ಅದು ಅವರಿಗೆ ಗೊತ್ತಿಲ್ವಲ್ಲ," ಎಂದು ಅವನು ಉಳಿದ ಬನ್ನನ್ನು ನೀರಿಗೆಸೆದ. ಗಲ್ ಹಕ್ಕಿಗಳು ಅದರ ಮೇಲೆ ಎರಗಿದವು.

ಅವನು ಹೇಳಿದ್ದು ಸುಳ್ಳಲ್ಲ. ಕಿತ್ತಳೆ ಕೊಕ್ಕಿನ ಆ ಪುಟ್ಟ ಹಕ್ಕಿಗಳು ಆಗಸ್ಟಿನಲ್ಲಿ ಬಿಲ ಖಾಲಿ ಮಾಡಿ ನಡುಗಡಲಿಗೆ ಹೋದ ಮೇಲೂ ಬ್ರಾಂದುರ್ ಅವನ್ನು ಟಿಕೆಟ್ಟಿನಲ್ಲಿ ಮಾರುತ್ತಲೇ ಇದ್ದ. ಹಾಗೆ ಇಲ್ಲದ ಹಕ್ಕಿಯನ್ನು ಹುಡುಕಲು ಹೋದವರ ದುರ್ಬೀನಿಗೇ ಹಕ್ಕಿದ್ವೀಪದ ಬಂಡೆಗಳ ನಡುವೆ ದೋಣಿ ನಡೆಸುವ ತಾಂಡೇಲ ಹಾವರ್ದುರ್‌ನ ಹೆಣ ಬಿದ್ದಿದ್ದು, ಮೂರು ದಿನದ ಹಿಂದೆ. ಅಂದಿನಿಂದ ಬ್ರಾಂದುರ್‌ನ ಬೋಟಿನ ಗೈಡ್ ಮಾರ್ಜೆನಾ ಠಾಣೆಯ ಹಿಂದಿನ ಕೋಣೆಯಲ್ಲಿ ಕೂತಿದ್ದಳು.

ಊರಿಗೆ ಅದು ಅನುಕೂಲವಾಗಿತ್ತು. ಮಾರ್ಜೆನಾ ಪೋಲೆಂಡಿನವಳು, ಒಂಟಿ, ಮಾತು ಒರಟು. ಬೌರಾದ ಕೀಲಿ ಅವಳ ಬಳಿ ಒಂದಿತ್ತು. ಹಾವರ್ದುರ್‌ನೊಂದಿಗೆ ಅವಳು ಜಗಳವಾಡಿದ್ದನ್ನು ಬೋಟಿನ ತುಂಬ ಜನ ಕೇಳಿದ್ದರು. ಸಂಜೆಯೊಳಗೆ ಬೇರೆ ಹೆಸರು ಕೊಡದಿದ್ದರೆ ನಾಳೆ ಬೆಳಗಿನ ವಿಮಾನದಲ್ಲಿ ಅವಳನ್ನು ರಾಜಧಾನಿಯ ಜೈಲಿಗೆ ಸಾಗಿಸುವುದಾಗಿ ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದ.

ಸ್ಟೇನುನ್ ಕೊಡಬೇಕೆಂದಿದ್ದ ಹೆಸರು ಈಗ ಅವಳ ಮುಂದೆ ಬೆರಳು ನೆಕ್ಕುತ್ತ ನಿಂತಿತ್ತು. ಸಾಕ್ಷಿಯೊಂದು ಬಾಕಿ.

*

ಆ ಸಾಕ್ಷಿಯ ಅರ್ಧ ಅವಳ ಜೇಬಿನಲ್ಲಿತ್ತು.

ಹಕ್ಕಿಗಳ ಕೂಗು ಹಿಡಿಯಲು ಬಂದಿದ್ದ ಜರ್ಮನ್ನನೊಬ್ಬ ದೋಣಿ ಕಟ್ಟುವ ಧಕ್ಕೆಯ ತುದಿಯ ಕಲ್ಲುಗಳ ಸಂದಿಯಲ್ಲಿ ಪುಟ್ಟದೊಂದು ರೆಕಾರ್ಡರ್ ಇಟ್ಟಿದ್ದ. ಕೊಲೆಯ ದಿನದ ಮುಂಜಾವಿನ ಮಂಜಿನಲ್ಲಿ ಅದು ಒಬ್ಬಂಟಿಯಾಗಿ ಕೇಳಿಸಿಕೊಳ್ಳುತ್ತ ಕೂತಿತ್ತು. ನಿನ್ನೆ ಅವನು ಅದರ ನಕಲನ್ನು ಸ್ಟೇನುನ್‌ಗೆ ಕೊಟ್ಟು ಊರು ಬಿಟ್ಟಿದ್ದ. ಅವಳು ಯಾರಿಗೂ ಹೇಳಿರಲಿಲ್ಲ, ಮೇಲಧಿಕಾರಿಗೂ.

ಹೆಡ್‌ಫೋನಿನಲ್ಲಿ ಮೊದಲು ಕಡಲ ಬಾತುಗಳ ಊಳು. ಹೆಜ್ಜೆ ಸಪ್ಪಳ, ಏನೋ ಭಾರದ್ದನ್ನು ಇಳಿಸಿದ ಸದ್ದು. ಬೌರಾದ ಎಂಜಿನ್ ಶುರುವಾಗುತ್ತದೆ. ಅದರ ಕೆಮ್ಮು ಇಡೀ ಊರಿಗೆ ಗೊತ್ತು. ಶುರುವಾಗಿ ಕೊಂಚ ಹೊತ್ತು ನಿಂತಲ್ಲೇ ಗುಡುಗುಡು ಎನ್ನುತ್ತದೆ. ಆಮೇಲೆ ಹೊರಡುತ್ತದೆ. ಅಲ್ಲಿಂದ ಮುಂದಿನದೇ ಮುಖ್ಯ. ಸದ್ದು ಎಡಗಿವಿಯಿಂದ ನೇರವಾಗಿ ದೂರವಾಗುವುದಿಲ್ಲ. ಬಲಗಿವಿಗೆ ಜಾರುತ್ತದೆ, ಮೀನು ಕಾರ್ಖಾನೆಯ ಗೋಡೆಗೆ ಬಡಿದು ಮಾರ್ದನಿಸುತ್ತದೆ, ಮತ್ತೆ ಎಡಕ್ಕೆ ಬರುತ್ತದೆ, ಆಮೇಲೆ ಕಡಲಿನ ಕಡೆ ಕರಗುತ್ತದೆ.

ಬೌರಾ ಕಟ್ಟಿದ ಜಾಗದಿಂದ ಬಂದರಿನ ಬಾಯಿ ಎಡಕ್ಕಿದೆ, ಕೂಗಳತೆಯಲ್ಲಿ. ಚುಕ್ಕಾಣಿ ಎಡಕ್ಕೆ ತಿರುಗಿಸಿದರೆ ಮುಗಿಯಿತು. ಆದರೆ ಇಲ್ಲಿನ ತಾಂಡೇಲರು ಹಾಗೆ ಹೊರಡುವುದಿಲ್ಲ. ಸೂರ್ಯ ನಡೆಯುವ ದಿಕ್ಕಿಗೆ ದೋಣಿಯನ್ನು ಬಲಕ್ಕೆ ಹೊರಳಿಸಿ, ಬಂದರಿನೊಳಗೇ ಪ್ರದಕ್ಷಿಣೆ ಹಾಕಿ, ಆಮೇಲೆ ಹೊರಗೆ. ಅಪ್ರದಕ್ಷಿಣೆಯಾಗಿ ಹೊರಟ ದೋಣಿಗೆ ವಾಪಸ್ ಬರುವ ದಾರಿ ಮರೆತುಹೋಗುತ್ತದೆ ಎಂದು ನಂಬಿಕೆ. ನಂಬಿಕೆ ಇಲ್ಲದವರ ಕೈಯೂ ರೂಢಿಯಿಂದ ಬಲಕ್ಕೇ ಹೋಗುತ್ತದೆ.

ಮಾರ್ಜೆನಾಳ ಜಗಳ ಇದೇ ವಿಷಯಕ್ಕೆ. ಒಂದು ದಿನ ಅವಳು ಬೌರಾವನ್ನು ಎಡಕ್ಕೆ ತಿರುಗಿಸಿದಳೆಂದು ಹಾವರ್ದುರ್ ಪ್ರವಾಸಿಗರ ಎದುರೇ ಅವಳ ಕೈಯಿಂದ ಚುಕ್ಕಾಣಿ ಕಿತ್ತುಕೊಂಡಿದ್ದ. "ನಿಮ್ಮ ಅಜ್ಜಿ ಕತೆಗೆ ನಾನು ಡೀಸೆಲ್ ಸುಡಲ್ಲ, ನಾಳೇನೂ ಎಡಕ್ಕೇ ತಿರುಗಿಸ್ತೀನಿ," ಎಂದು ಅವಳು ಕೂಗಿದ್ದಳು. ಊರು ಅದರಲ್ಲಿ ಕೊಲೆಯ ಕಾರಣ ಕಂಡಿತ್ತು. ಸ್ಟೇನುನ್‌ಗೆ ಅದರಲ್ಲೇ ಮಾರ್ಜೆನಾಳ ಬಿಡುಗಡೆ ಕಂಡಿತ್ತು. ಹೆಣ ಹೊತ್ತು, ಯಾರೂ ನೋಡದ ಮಂಜಿನಲ್ಲಿ, ಎದೆ ಬಡಿದುಕೊಳ್ಳುವಾಗಲೂ ಪ್ರದಕ್ಷಿಣೆ ಹಾಕಿದ ಕೈ ಮಾರ್ಜೆನಾಳದಲ್ಲ. ಹಾವರ್ದುರ್‌ನದೂ ಅಲ್ಲ, ದೋಣಿ ಹೊರಡುವ ಹೊತ್ತಿಗೆ ಅವನು ತಲೆಗೆ ಪೆಟ್ಟು ಬಿದ್ದು ಸತ್ತಾಗಿತ್ತು ಎಂದು ವೈದ್ಯರು ಹೇಳಿದ್ದರು.

ಅದು ಈ ದಂಡೆಯಲ್ಲಿ ಹುಟ್ಟಿದವನ ಕೈ. ಬ್ರಾಂದುರ್ ಬಾಯಲ್ಲಿ ಎಷ್ಟು ಬೇಕಾದರೂ ಅಣಕಿಸಲಿ. ಚುಕ್ಕಾಣಿ ಹಿಡಿದಾಗ ಅವನ ಕೈ ಏನು ಮಾಡುತ್ತದೋ ನೋಡಬೇಕೆಂದು ಅವಳು ಕಾದಿದ್ದಳು.

"ಹಗ್ಗ ಬಿಚ್ಚು ಮುದುಕಾ," ಎಂದು ಬ್ರಾಂದುರ್ ಧಕ್ಕೆಯ ಕಡೆ ಕೂಗಿದ.

ಹಗ್ಗದ ಬಳಿ ಇದ್ದವನು ಕೆಟಿಲ್, ಸ್ಟೇನುನ್‌ಳ ಚಿಕ್ಕಪ್ಪ. ಅಪ್ಪ ಕಡಲು ಪಾಲಾದ ಮೇಲೆ ಅವಳನ್ನು ಸಾಕಿದವನು. ಅವಳು ಚಿಕ್ಕವಳಿದ್ದಾಗ ಅವನು ಗಾಳಕ್ಕೆ ಮೀನಿನ ತುಂಡು ಚುಚ್ಚುತ್ತ ಹಳೆಯ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಕೇಳುವುದನ್ನು ಅವಳು ಕಲಿತದ್ದೇ ಅಲ್ಲಿ. ಈಗ ಅವನ ಕಣ್ಣಿಗೆ ಪೊರೆ. ಚುಕ್ಕಾಣಿ ಬಿಟ್ಟು ವರ್ಷಗಳಾಗಿದ್ದವು. ಬೇರೆಯವರ ದೋಣಿಗಳ ಹಗ್ಗ ಹಿಡಿಯುವುದು, ಬಿಡುವುದು, ಅಷ್ಟೇ.

"ಹುಷಾರಾಗಿ ಹೋಗಿ ಬಾ ಮಗಳೇ," ಎಂದು ಅವನು ಹಗ್ಗವನ್ನು ಸುರುಳಿ ಸುತ್ತಿ ದೋಣಿಗೆಸೆದ. ಬ್ರಾಂದುರ್‌ಗೆ ಏನೂ ಹೇಳಲಿಲ್ಲ.

ಎಂಜಿನ್ ಕೆಮ್ಮಿತು. ಸ್ಟೇನುನ್ ಚುಕ್ಕಾಣಿಯ ಮೇಲಿನ ಕೈಯನ್ನೇ ನೋಡಿದಳು.

ಬ್ರಾಂದುರ್ ಒಂದು ಕೈಯಲ್ಲಿ ಫೋನು ನೋಡುತ್ತ, ಇನ್ನೊಂದು ಕೈಯಲ್ಲಿ, ಬಾಗಿಲ ಚಿಲಕ ತೆಗೆಯುವಷ್ಟು ಸಲೀಸಾಗಿ, ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದ.

*

ದಾರಿಯುದ್ದಕ್ಕೂ ಅವಳು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಳು. ಈ ಮನುಷ್ಯ ನಾಯಿಯಷ್ಟು ಚುರುಕು. ಪೊಲೀಸರು ಬೌರಾದಲ್ಲೇ ಹೋಗೋಣ ಅಂದಾಗಲೇ ವಾಸನೆ ಹಿಡಿದಿರುತ್ತಾನೆ. ಬೇಕೆಂದೇ ಎಡಕ್ಕೆ ತಿರುಗಿಸಿದ್ದಾನೆ.

ಹಾಗೆ ಯೋಚಿಸುವುದು ಕಷ್ಟವಾಗಲಿಲ್ಲ. ಈ ಮನುಷ್ಯನ ಬಗ್ಗೆ ಕೆಟ್ಟದ್ದನ್ನು ಯೋಚಿಸುವುದು ಅವಳಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಶಾಲೆಯಲ್ಲಿ ಅವನು ಸಾಲು ತಪ್ಪಿಸಿ ಪದ್ಯ ಒಪ್ಪಿಸುತ್ತಿದ್ದ. ಚರ್ಚಿನಲ್ಲಿ ಗಮ್ ಜಗಿಯುತ್ತಿದ್ದ.

ಹಕ್ಕಿದ್ವೀಪದ ಗೋಡೆ ಎದ್ದು ನಿಂತಿತು. ಬೇಸಿಗೆಯಿಡೀ ಸಂತೆಯಂತೆ ಗದ್ದಲವಿದ್ದ ಬಂಡೆ ಈಗ ಬಿಕೋ ಎನ್ನುತ್ತಿತ್ತು. ಹುಲ್ಲಿನ ಇಳಿಜಾರಿನಲ್ಲಿ ಸಾವಿರಾರು ಖಾಲಿ ಬಿಲಗಳು. ಬೂದು ರೆಕ್ಕೆಯ ಕೆಲವು ಹಕ್ಕಿಗಳು ಮಾತ್ರ ಗಾಳಿಗೆ ಮೈಯೊಡ್ಡಿ ಸುತ್ತುತ್ತಿದ್ದವು.

ಬ್ರಾಂದುರ್ ಎಂಜಿನ್ ಇಳಿಸಿದ. "ಅಗೋ, ನಿನ್ನ ಜಾಗ. ನೋಡ್ಕೋ."

ಅಲೆ ಮುಟ್ಟದ ಎತ್ತರದಲ್ಲಿ ಚಪ್ಪಟೆಯಾದೊಂದು ಬಂಡೆ. ಮೂರು ದಿನದ ಹಿಂದೆ ಹಾವರ್ದುರ್ ಅಲ್ಲಿ ಅಂಗಾತ ಮಲಗಿದ್ದ. ಟೋಪಿಯ ದಾರ ಗಲ್ಲದ ಕೆಳಗೆ ಗಂಟು ಹಾಕಿತ್ತು.

"ಯಾಕೆ ಎಡಕ್ಕೆ ತಿರುಗಿಸ್ದೆ?" ಎಂದು ಸ್ಟೇನುನ್ ಕೇಳಿದಳು.

"ಬಂದರಿನ ಬಾಯಿ ಎಡಕ್ಕಿದೆ, ಅದಕ್ಕೆ."

"ದಿನಾ ಹಾಗೇ ತಿರುಗಿಸ್ತೀಯಾ, ಇಲ್ಲಾ ಇವತ್ತು ನಾನಿದೀನಿ ಅಂತನಾ?"

ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ಮುಖದ ಮೇಲೆ ಅರ್ಥವಾದ ಕಳೆ ಮೂಡಿತು, ಅದರ ಹಿಂದೆಯೇ ನಗು.

"ಓಹೋ. ಇದಕ್ಕಾ ನನ್ನ ಇಲ್ಲಿ ತನಕ ಎಳ್ಕೊಂಡು ಬಂದಿದ್ದು? ಆ ದಿನ ಬೌರಾ ಬಲಕ್ಕೆ ಹೋಯ್ತು ಅಂತ ಯಾರೋ ನಿನಗೆ ಹೇಳಿದಾರೆ. ಯಾರು ನೋಡಿದ್ದು? ಆ ಮಂಜಲ್ಲಿ?"

"ಅದು ನಿನಗೆ ಬೇಡ. ನೀನು ಆ ತಿಮಿಂಗಿಲದ ಮರಿಯ ಬೆನ್ನು ಕೊಯ್ದ ವಿಷಯ ಮಾತಾಡು."

ನಗು ಹೋಗಲಿಲ್ಲ, ಆದರೆ ಗಟ್ಟಿಯಾಯಿತು.

"ಜೂನ್‌ನಲ್ಲಿ," ಎಂದಳು ಅವಳು. "ಫೋಟೋ ಚೆನ್ನಾಗಿ ಬರಲಿ ಅಂತ ತಾಯಿ-ಮರಿ ನಡುವೆ ಬೋಟು ನುಗ್ಗಿಸ್ದೆ. ನಿನ್ನ ಬೋಟಿನ ಫ್ಯಾನು ಮರಿ ಬೆನ್ನು ಸೀಳ್ತು. ಹಾವರ್ದುರ್ ನೋಡಿದ್ದ. ಈ ವಾರ ಅಧಿಕಾರಿಗಳ ಮುಂದೆ ಹೇಳೋಕೆ ಹೊರಟಿದ್ದ."

"ಹೊರಟಿದ್ದ. ಸರಿ. ನನಗೂ ಹೇಳಿದ್ದ, ಮುಖದ ಮೇಲೇ. ದಂಡ ಹಾಕ್ತಾರೆ, ಕಟ್ತೀನಿ. ಮುಂದಿನ ವರ್ಷ ಟಿಕೆಟ್ ದರ ಏರಿಸ್ತೀನಿ. ದಂಡಕ್ಕೆ ಹೆದರಿ ಯಾರಾದ್ರೂ ತಲೆ ಒಡೀತಾರೇನೇ? ನೀನು ಚರ್ಚಲ್ಲಿ ಹಾಡ್ಕೊಂಡಿರು, ವ್ಯವಹಾರ ನಿನಗೆ ತಿಳಿಯಲ್ಲ."

ಅವನು ಫೋನನ್ನು ಅವಳ ಮುಖಕ್ಕೆ ಹಿಡಿದ. ಅವನ ಬೋಟುಗಳ ಜಾಹೀರಾತು. ವಸಂತದಲ್ಲಿ ತೆಗೆದದ್ದು, ಬೆಟ್ಟದ ಮೇಲೆ ಇನ್ನೂ ಹಿಮವಿತ್ತು. ಕೆಂಪು ಉಡುಪಿನ ಪ್ರವಾಸಿಗರು ಕೈಬೀಸುತ್ತಿದ್ದರು. ಬ್ರಾಂದುರ್ ಹಲ್ಲು ಕಿರಿಯುತ್ತ ಚುಕ್ಕಾಣಿ ತಿರುಗಿಸಿದ. ಎಡಕ್ಕೆ. ಇನ್ನೊಂದು, ಕಳೆದ ವರ್ಷದ್ದು. ಎಡಕ್ಕೆ. ಮತ್ತೊಂದು. ಎಡಕ್ಕೆ.

"ಅಪ್ಪನ ಬೋಟು ನನ್ನ ಕೈಗೆ ಬಂದ ಮೊದಲನೇ ದಿನದಿಂದ," ಎಂದ. "ಧಕ್ಕೆಯಲ್ಲಿ ನಿಂತವರು ಉಗೀತಿದ್ರು. ನಿನ್ನ ಚಿಕ್ಕಪ್ಪ ಅಂತೂ ಅವತ್ತಿಂದ ನನಗೆ ಗುಡ್ ಮಾರ್ನಿಂಗ್ ಕೂಡ ಹೇಳಿಲ್ಲ. ಊರಲ್ಲಿ ಎಡಕ್ಕೆ ಹೋಗೋ ಪಾಪಿ ನಾನೊಬ್ನೇ ಸ್ಟೇನಾ, ಆಮೇಲೆ ಆ ಪೋಲೆಂಡಿನ ಹುಡುಗಿ. ಊರಿಗೆಲ್ಲ ಗೊತ್ತಿರೋದು ನಿನಗೆ ಗೊತ್ತಿಲ್ಲ. ಯಾಕೆ ಹೇಳು? ನೀನು ಯಾವತ್ತೂ ನನ್ನ ಕಡೆ ತಿರುಗಿ ನೋಡಿದವಳಲ್ಲ. ನೋಡೋಕೇ ಅಸಹ್ಯ."

ಸ್ಟೇನುನ್‌ಳ ಕಿವಿ ಬಿಸಿಯಾಯಿತು. ಅವನು ಹೇಳಿದ್ದು ನಿಜ.

ಬೋಟಿನ ಆಚೆ ನೀರು ಉಸಿರು ಬಿಟ್ಟಿತು. ಅಗಲವಾದ ಕಪ್ಪು ಬೆನ್ನೊಂದು ಎದ್ದು, ಹೊಳೆದು, ಮುಳುಗಿತು. ಅದರ ಪಕ್ಕದಲ್ಲೇ ಚಿಕ್ಕದೊಂದು ಬೆನ್ನು. ಅಡ್ಡಕ್ಕೆ ಬಿಳಿಯ ಗಾಯದ ಗೆರೆಗಳು, ಉಳುಮೆ ಮಾಡಿದಂತೆ. ತಾಯಿ ಬಾಲ ಎತ್ತಲಿಲ್ಲ. ಮರಿಯನ್ನು ತನ್ನ ಮತ್ತು ಬೋಟಿನ ನಡುವೆ ಬಿಡದೆ ಆಚೆ ಕಡೆಗೆ ತಳ್ಳಿಕೊಂಡು ಹೋಯಿತು.

ಬದುಕಿದೆ, ದೇವರೇ. ಸ್ಟೇನುನ್ ಮನಸ್ಸಿನಲ್ಲೇ ಕೈಮುಗಿದಳು.

ಬ್ರಾಂದುರ್ ತಿರುಗಿಯೂ ನೋಡಲಿಲ್ಲ. "ಟಿಕೆಟ್ ಇಲ್ಲದೇ ಇದ್ದಾಗ್ಲೇ ಬರ್ತವೆ, ದರಿದ್ರದವು," ಎಂದ.

ಆಮೇಲೆ ಬಂಡೆಯ ಕಡೆ ಬೆರಳು ಮಾಡಿದ.

"ಇನ್ನೊಂದು ಕೇಳು. ಇಲ್ಲಿಂದ ಕೂಗಿದರೆ ಕೇಳೋ ದೂರದಲ್ಲಿ ತಳ ಸಿಗದ ಆಳ ಇದೆ. ನಾನಾಗಿದ್ರೆ ಕಾಲಿಗೆ ಲಂಗರು ಕಟ್ಟಿ ಅಲ್ಲಿ ಬಿಡ್ತಿದ್ದೆ. ಲೋಕ ಮುಳುಗೋ ತನಕ ಸಿಗ್ತಿರಲಿಲ್ಲ. ಅಲೆ ಮುಟ್ಟದ ಹಾಗೆ ಮೇಲೆ ಮಲಗಿಸಿ, ಟೋಪಿ ದಾರ ಗಂಟು ಹಾಕಿ, ಕಾಲು ಪೂರ್ವಕ್ಕೆ ಮಾಡಿ ಬರ್ತಿದ್ನಾ? ನಾನು? ಅಷ್ಟು ಮರ್ಯಾದೆ ನನ್ನಲ್ಲಿದೆ ಅಂತ ನೀನು ಯಾವಾಗಿಂದ ನಂಬ್ದೆ?"

ಕಾಲು ಪೂರ್ವಕ್ಕೆ.

ಊರಿನ ಚರ್ಚಿನಂಗಳದಲ್ಲಿ ಮಲಗಿದವರೆಲ್ಲ ಹಾಗೇ ಮಲಗಿದ್ದಾರೆ, ಕೊನೆಯ ದಿನ ಎದ್ದು ಕೂತಾಗ ಸೂರ್ಯ ಎದುರಿಗೆ ಕಾಣಲೆಂದು. ಸ್ಟೇನುನ್ ಮೂರು ದಿನದ ಹಿಂದೆಯೇ ಅದನ್ನು ಕಂಡಿದ್ದಳು. ಆಕಸ್ಮಿಕ ಅಂದುಕೊಂಡಿದ್ದಳು. ಬ್ರಾಂದುರ್‌ನ ಮುಖಕ್ಕೆ ಹೊಂದದ ಎಲ್ಲವೂ ಅವಳಿಗೆ ಆಕಸ್ಮಿಕವೇ ಆಗಿತ್ತು.

"ವಾಪಸ್ ನಡಿ," ಎಂದಳು.

"ಚಾಕೊಲೇಟ್ ಕುಡೀತೀಯಾ? ನಿನ್ನೆದು."

*

ಧಕ್ಕೆಯಲ್ಲಿ ಬೋಟು ನಿಲ್ಲುವ ಮೊದಲೇ ಬ್ರಾಂದುರ್ ಹಾರಿ ಇಳಿದ. ಎಂಜಿನ್ ಆರಿಸಿದ್ದ, ಎಂದಿನಂತೆ ಕೀಲಿ ಅಲ್ಲೇ ಬಿಟ್ಟಿದ್ದ.

"ಒಬ್ಬನ ಕಂಡ್ರೆ ಅಸಹ್ಯ ಅನ್ನೋದು ಸಾಕ್ಷಿ ಅಲ್ಲ ಸ್ಟೇನಾ," ಎಂದು ಹಿಂತಿರುಗಿ ನೋಡದೆ ಹೇಳಿದ. "ಬಲಕ್ಕೆ ತಿರುಗೋ ಭಕ್ತರನ್ನ ಹುಡುಕು. ನಿನ್ನ ಚರ್ಚಿನ ಬೆಂಚುಗಳಲ್ಲೇ ಸಿಗ್ತಾರೆ."

ಬೆಳ್ಳಿ ಬಾಲದ ಜಾಕೆಟು ಟಿಕೆಟ್ ಅಂಗಡಿಯ ಹಿಂದೆ ಮರೆಯಾಯಿತು. ಅವಳು ಅವನನ್ನು ಈಗಲೂ ತಿರಸ್ಕರಿಸುತ್ತಿದ್ದಳು. ಆದರೆ ಆ ತಿರಸ್ಕಾರ ಈಗ ಯಾವ ಕೆಲಸಕ್ಕೂ ಬಾರದ ಚಿಲ್ಲರೆಯಂತೆ ಕೈಯಲ್ಲಿ ಉಳಿದಿತ್ತು.

ಕೆಟಿಲ್ ಹಗ್ಗ ಹಿಡಿದು ಕಂಬಕ್ಕೆ ಸುತ್ತಿದ. ಬಾಯಲ್ಲಿ ಸಕ್ಕರೆ ಅಚ್ಚು ಕಚ್ಚಿಕೊಂಡು ಅದರ ಮೂಲಕ ಕಾಫಿ ಹೀರುತ್ತಿದ್ದ, ಎಂದಿನಂತೆ.

"ಮುಖ ಯಾಕೆ ಹಂಗಾಗಿದೆ ಮಗಳೇ? ಬೆಳಗಿಂದ ಏನಾದ್ರೂ ತಿಂದ್ಯಾ? ಒಣಮೀನು, ಬೆಣ್ಣೆ ಇದೆ ನೋಡು ಚೀಲದಲ್ಲಿ."

"ಬೇಡ ಚಿಕ್ಕಪ್ಪ."

"ಆ ಹುಡುಗಿ ಏನಾದ್ಲು?"

"ನಾಳೆ ಕರ್ಕೊಂಡು ಹೋಗ್ತಾರೆ."

ಅವನು ಕಾಫಿ ಲೋಟವನ್ನು ಕೆಳಗಿಟ್ಟ. "ಅವಳೇನೂ ಮಾಡಿಲ್ಲ," ಎಂದ. ಕೇಳುವ ಧ್ವನಿಯಲ್ಲಿ ಅಲ್ಲ, ಹೇಳುವ ಧ್ವನಿಯಲ್ಲಿ.

ಅಷ್ಟರಲ್ಲಿ ಬಂದರಿನ ಬಾಯಲ್ಲಿ ಹಾರ್ನ್ ಕೂಗಿತು. ಬ್ರಾಂದುರ್‌ನ ದೊಡ್ಡ ಬೋಟು ಬೆಳಗಿನ ಟ್ರಿಪ್ಪು ಮುಗಿಸಿ ಬರುತ್ತಿತ್ತು, ತುಂಬ ಜನ. ಅದು ನಿಲ್ಲಬೇಕಾದ ಜಾಗದಲ್ಲಿ ಬೌರಾ ಅಡ್ಡ ನಿಂತಿತ್ತು.

"ನೋಡಿದ್ಯಾ, ಎಲ್ಲಿ ಬಿಟ್ಟು ಹೋಗಿದಾನೆ, ಹಸು ಕಟ್ಟಿದ ಹಾಗೆ," ಎಂದು ಕೆಟಿಲ್ ಗೊಣಗಿದ. "ಎಣ್ಣೆ ಕಟ್ಟೆಗೆ ಸರಿಸ್ಬೇಕು. ಎರಡು ಮಾರು ದೂರಕ್ಕೆ ಕಣ್ಣು ಯಾಕೆ ಬೇಕು, ನಾನೇ ಸರಿಸ್ತೀನಿ."

ದೋಣಿಗಳಿಗೆ ಡೀಸೆಲ್ ತುಂಬುವ ಎಣ್ಣೆ ಕಟ್ಟೆ ಬೌರಾದ ಎಡಕ್ಕೆ, ಕೈಚಾಚಿದರೆ ಸಿಗುವಂತಿತ್ತು.

ಅವನು ಮೊಣಕಾಲು ಹಿಡಿದುಕೊಂಡು ಇಳಿದ. ಚುಕ್ಕಾಣಿ ಹಿಡಿದ ಮೇಲೆ ಮೊಣಕಾಲು ನೆನಪಾದಂತೆ ಕಾಣಲಿಲ್ಲ. ಎಂಜಿನ್ ಕೆಮ್ಮಿ ಶುರುವಾಯಿತು. ದೋಣಿ ಹೊರಡಲಿಲ್ಲ. ನಿಂತಲ್ಲೇ ಗುಡುಗುಡು ಎಂದಿತು.

ಕೆಟಿಲ್ ತಲೆಯ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ತುಟಿ ಅಲುಗುತ್ತಿತ್ತು.

ಸ್ಟೇನುನ್‌ಗೆ ಧ್ವನಿ ಕೇಳಿಸಲಿಲ್ಲ, ಎಂಜಿನ್ನಿನಲ್ಲಿ ಮುಳುಗಿತ್ತು. ಕೇಳಿಸಬೇಕಾಗಿಯೂ ಇರಲಿಲ್ಲ. ಅವಳ ತುಟಿ ತಾನಾಗಿಯೇ ಜೊತೆಗೂಡಿತ್ತು.

ಬಲಕೆ ತಿರುಗಲಿ ದೋಣಿ, ಬಲಕೆ ನೀನಿರು ತಂದೆ,
ಹೊಲವಲ್ಲ ಈ ನೀರು, ಬೇಲಿಯಿಲ್ಲ;
ಅಲೆಯ ಮೇಲಿಡು ಕೈಯ, ನೆಲದ ಕಡೆ ನಡೆಸೆಮ್ಮ,
ಒಲೆಯ ಬಳಿ ಕಾದವರು ಅಳದೆ ಇರಲಿ.

ಎರಡನೆಯ ಸಾಲಿನ ಕೊನೆಯನ್ನು ಅವನು ಎಂದಿನಂತೆ ಎಳೆದ. ನಾಲ್ಕನೆಯದರ ಮೊದಲು ಉಸಿರು ತೆಗೆದುಕೊಂಡ. ಪದ್ಯ ಮುಗಿದ ಗಳಿಗೆಗೆ ಸರಿಯಾಗಿ ಎಂಜಿನ್ ಏರಿತು.

ಆ ಬಿಡುವು ಅವಳಿಗೆ ಗೊತ್ತಿತ್ತು. ನಿನ್ನೆಯಿಂದ ಹೆಡ್‌ಫೋನ್ ಹಾಕಿಕೊಂಡು ಆ ರೆಕಾರ್ಡಿಂಗಿನಲ್ಲಿ ಅದನ್ನೇ ಮತ್ತೆ ಮತ್ತೆ ಕೇಳಿದ್ದಳು. ಎಂಜಿನ್ ಬಿಸಿಯಾಗಲಿ ಎಂದು ನಿಲ್ಲಿಸಿದ್ದಾರೆ ಅಂದುಕೊಂಡಿದ್ದಳು. ಕಡಲ ಬಾತುಗಳ ಊಳಿನ ನಡುವೆ, ಮಂಜಿನಲ್ಲಿ, ಗುಡುಗುಡು ಎಂದು ಕಾದ ಆ ಹೊತ್ತು ಈ ನಾಲ್ಕು ಸಾಲಿನಷ್ಟೇ ಉದ್ದವಿತ್ತು. ಈ ಒಬ್ಬನೇ ಎಳೆಯುವ ಹಾಗೆ ಎಳೆದರೆ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮೇಲಧಿಕಾರಿ. ಹೆಸರು ಕೇಳುತ್ತಾನೆ. ಅವಳು ತೆಗೆಯಲಿಲ್ಲ.

ಎಣ್ಣೆ ಕಟ್ಟೆ ಎಡಕ್ಕೆ ಕಾದಿತ್ತು. ಬೌರಾ ಬಲಕ್ಕೆ ಹೊರಳಿತು. ಮೀನು ಕಾರ್ಖಾನೆಯ ಗೋಡೆಗೆ ಎಂಜಿನ್ನಿನ ಸದ್ದು ಬಡಿದು ಮರಳಿತು. ದೊಡ್ಡ ಬೋಟಿನ ಪ್ರವಾಸಿಗರು ಇದೂ ಒಂದು ನೋಟವೆಂದು ಫೋಟೋ ತೆಗೆದರು. ಅರ್ಧ ಕುರುಡ ಮುದುಕ ಯಾವ ಕಂಬಕ್ಕೂ ತಾಗಿಸದೆ ಬಂದರಿನೊಳಗೆ ತುಂಬು ಪ್ರದಕ್ಷಿಣೆ ಹಾಕಿ, ಅವಳು ನಿಂತಿದ್ದ ಧಕ್ಕೆಯ ಮುಂದೆ ಬಂದು ಎಂಜಿನ್ ಇಳಿಸಿದ.

ಟೋಪಿ ಇನ್ನೂ ಕೈಯಲ್ಲೇ ಇತ್ತು. ಪೊರೆ ಮುಚ್ಚಿದ ಕಣ್ಣು ಅವಳನ್ನು ದಾಟಿ ಧಕ್ಕೆಯ ತುದಿಯ ಕಲ್ಲುಗಳ ಕಡೆ ನೋಡುತ್ತಿತ್ತು.

"ಆ ಜರ್ಮನ್ನನ ಪೆಟ್ಟಿಗೆ," ಎಂದ ಕೆಟಿಲ್, "ಈ ಸಲಾನೂ ಕೇಳಿಸ್ಕೊಳ್ತಾ, ಮಗಳೇ?"